ಯಾವ ಸಿನಿಮಾ ಅನ್ನುವ ಮೊದಲು, ಎಲ್ಲಿ ನೋಡಿದಿರಿ ಹೇಳಿ

ಈಚೆಗೆ ಕೋಲಾರದ ಒಂದು ಕಾಲೇಜಿನ ಮಕ್ಕಳು ಸಿನಿಮಾ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಭಾಷಣ ಶುರು ಮಾಡುವ ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. 2000ದಿಂದ ಈಚೆಗೆ ಬಂದ ಸಿನಿಮಾಗಳಲ್ಲಿ ನಿಮಗೆ ತುಂಬಾ ಇಷ್ಟವಾದ ಐದನ್ನು ಬರೆಯಿರಿ ಅಂದೆ. ಪ್ರತಿ ಹೆಸರಿನ ಪಕ್ಕದಲ್ಲಿ ಅದನ್ನು ಎಲ್ಲಿ ನೋಡಿದಿರಿ ಅಂತಲೂ ಬರೆಯಬೇಕು ಅಂದೆ. ಮೊದಲನೆಯದಕ್ಕೆ ಎಲ್ಲರೂ ಖುಷಿಯಿಂದ ತಲೆಯಾಡಿಸಿದರು. ಎರಡನೆಯದು ಯಾಕೆ ಅಂತ ಅವರಿಗೆ ಗೊತ್ತಾಗಲಿಲ್ಲ.

ಚೀಟಿಗಳಲ್ಲಿ ಮೂರು ಭಾಷೆ ಇತ್ತು. ನಮ್ಮ ಜಿಲ್ಲೆ ಇರುವುದೇ ಹಾಗೆ, ಅಲ್ವಾ? ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ತೆಲುಗು ಸಿನಿಮಾ ನೋಡಿಕೊಂಡೇ ಬೆಳೆಯುತ್ತಾರೆ. ಚಿನ್ನದ ಗಣಿಯ ಊರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಮನೆಗಳಲ್ಲಿ ತಮಿಳು. ಹಾಗಾಗಿ ಒಂದೇ ಚೀಟಿಯಲ್ಲಿ ‘ಮುಂಗಾರು ಮಳೆ’, ‘ಬಾಹುಬಲಿ’, ‘96’ ಒಟ್ಟಿಗೆ ಕೂತಿದ್ದವು. ನನಗೆ ಅದು ಬಹಳ ಇಷ್ಟವಾಯಿತು. ಹೆಚ್ಚಿನ ಚೀಟಿಗಳಲ್ಲಿ ಮೊದಲ ಹೆಸರಿನ ಪಕ್ಕ ‘ಥಿಯೇಟರ್’ ಅಂತ ಇತ್ತು. ಕೆಳಕ್ಕೆ ಹೋದಂತೆ ‘ಟಿವಿ’, ‘ಮೊಬೈಲ್’ ಅಂತ ಬರುತ್ತಿತ್ತು.

ಒಬ್ಬ ಹುಡುಗಿ ಐದನೆಯದಾಗಿ ‘ತಿಥಿ’ ಅಂತ ಬರೆದು ಹೊಡೆದುಹಾಕಿದ್ದಳು. ಪಕ್ಕದಲ್ಲಿ ‘ಮೊಬೈಲ್, ಬಸ್ಸಲ್ಲಿ, ಅರ್ಧ’ ಅಂತಿತ್ತು. ಯಾಕಮ್ಮ ಹೊಡೆದುಹಾಕಿದೆ ಅಂತ ಕೇಳಿದೆ. “ಸರ್, ಎಲ್ಲರೂ ಒಳ್ಳೇ ಸಿನಿಮಾ ಅಂತಾರೆ. ನನಗೆ ಏನೂ ಸರಿಯಾಗಿ ಕೇಳಿಸಲೇ ಇಲ್ಲ” ಅಂದಳು.

ಆ ಹುಡುಗಿಯ ಮಾತೇ ಈ ಅಂಕಣಕ್ಕೆ ಕಾರಣ. ನಾನು ಮೊದಲು ಥಿಯೇಟರ್ ಕ್ಯಾಬಿನ್‌ನಲ್ಲಿ ಆಪರೇಟರ್ ಆಗಿದ್ದವನು. ಈಗ ಕೋಲಾರ, ಬಂಗಾರಪೇಟೆ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆ ಪ್ರೊಜೆಕ್ಟರ್, ಸೌಂಡ್ ರಿಪೇರಿ ಮಾಡುತ್ತೇನೆ. ಜನ ಸಿನಿಮಾವನ್ನು ಇಷ್ಟಪಡುವುದನ್ನೂ ಬೇಡ ಅನ್ನುವುದನ್ನೂ ಪರದೆಯ ಹಿಂದಿನಿಂದ, ಮುಂದಿನಿಂದ ನೋಡಿದ್ದೇನೆ. ಬೇಡ ಅಂದ ಎಷ್ಟೋ ಸಲ ತಪ್ಪು ಸಿನಿಮಾದ್ದಾಗಿರಲಿಲ್ಲ. ಅದನ್ನು ತೋರಿಸಿದ ರೀತಿಯದ್ದಾಗಿತ್ತು.

ಮೊದಲು ಬೆಳಕಿನ ವಿಷಯ. ಪರದೆಯ ಮೇಲೆ ಎಷ್ಟು ಬೆಳಕು ಬೀಳಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಪ್ರೊಜೆಕ್ಟರ್ ಬರೀ ಬಿಳಿ ಬೆಳಕು ಬಿಟ್ಟಾಗ ಪರದೆಯ ಮಧ್ಯದಲ್ಲಿ 14 ಫುಟ್ ಲ್ಯಾಂಬರ್ಟ್ ಇರಬೇಕು. ಪರದೆಯ ಬೆಳಕನ್ನು ಅಳೆಯುವ ಲೆಕ್ಕ ಅದು. ಸಿನಿಮಾಗೆ ಬಣ್ಣ ಕೂರಿಸುವವರು ಅಷ್ಟೇ ಬೆಳಕಿನ ಪರದೆ ನೋಡಿಕೊಂಡು ಕೆಲಸ ಮಾಡುತ್ತಾರೆ. ಇಷ್ಟು ಕತ್ತಲು ಸಾಕು, ಇಲ್ಲಿ ಮುಖದ ಒಂದು ಕಡೆ ಕಾಣಲಿ ಅಂತ ಅವರು ಲೆಕ್ಕ ಹಾಕುವುದು ಅದರ ಮೇಲೆ. ನಿಮ್ಮೂರಿನ ಪರದೆ ಅದರ ಅರ್ಧ ಬೆಳಕಿನಲ್ಲಿದ್ದರೆ ಹಗಲಿನ ದೃಶ್ಯ ಹೇಗೋ ನಡೆದುಹೋಗುತ್ತದೆ. ರಾತ್ರಿಯ ದೃಶ್ಯ ಬೂದಿ ಬಳಿದಂತೆ ಆಗುತ್ತದೆ.

ಅರ್ಧ ಆಗುವುದು ಯಾಕೆ? ಪ್ರೊಜೆಕ್ಟರಿನೊಳಗಿನ ಝೆನಾನ್ ಬಲ್ಬಿಗೆ ಇಷ್ಟು ಗಂಟೆ ಅಂತ ಆಯಸ್ಸು ಬರೆದಿರುತ್ತದೆ. ಅದು ಮುಗಿದರೂ ಬಲ್ಬು ಉರಿಯುತ್ತಲೇ ಇರುತ್ತದೆ, ಬೆಳಕು ಮಾತ್ರ ಕುಗ್ಗುತ್ತಾ ಹೋಗುತ್ತದೆ. ಹೊಸ ಬಲ್ಬಿಗೆ ದುಡ್ಡು ಜಾಸ್ತಿ, ಸಣ್ಣ ಊರಿನ ಮಾಲೀಕರಿಗೆ ಕಷ್ಟವೂ ಹೌದು. ಇನ್ನೊಂದು ಕಾರಣ, ಕ್ಯಾಬಿನ್ ಕಿಟಕಿಯ ಗಾಜು. ಪ್ರೊಜೆಕ್ಟರಿನ ಬೆಳಕು ಹೊರಗೆ ಬರುವುದೇ ಆ ಗಾಜಿನಿಂದ. ಅದರ ಮೇಲೆ ಧೂಳು, ಎಣ್ಣೆ ಜಿಡ್ಡು ಕೂತಿರುತ್ತದೆ. ಮೂರನೆಯದು ನನಗೆ ನಿಜಕ್ಕೂ ಸಿಟ್ಟು ಬರಿಸುವಂಥದ್ದು. ತ್ರೀಡಿ ಸಿನಿಮಾಗೆ ಅಂತ ಹಾಕಿದ ಫಿಲ್ಟರನ್ನು ತೆಗೆಯದೆ, ಮಾಮೂಲಿ ಸಿನಿಮಾವನ್ನೂ ಅದರ ಮೂಲಕವೇ ತೋರಿಸುವುದು. ಅರ್ಧಕ್ಕಿಂತ ಜಾಸ್ತಿ ಬೆಳಕು ಅಲ್ಲೇ ಸಾಯುತ್ತದೆ.

2022ರಲ್ಲಿ ‘ಕಾಂತಾರ’ ಓಡುತ್ತಿದ್ದಾಗ ನನ್ನ ಗೆಳೆಯರೊಬ್ಬರು ಫೋನ್ ಮಾಡಿದ್ದರು. “ಕೊನೆಯ ಕೋಲ ಅಂತ ಎಲ್ಲರೂ ಮೈ ಜುಮ್ ಅಂತಾರಲ್ಲ, ನನಗೆ ಏನೂ ಅನ್ನಿಸಲಿಲ್ಲ ಕಣಯ್ಯ” ಅಂದರು. ಅವರು ನೋಡಿದ್ದು ನಮ್ಮ ಕಡೆಯದೇ ಒಂದು ಥಿಯೇಟರಿನಲ್ಲಿ. ಮುಂದಿನ ವಾರ ಬೇರೆ ರಿಪೇರಿಗೆ ಅಂತ ನಾನು ಅಲ್ಲಿಗೇ ಹೋಗಬೇಕಾಯಿತು. ಬೆಳಕಿನ ಮೀಟರ್ ಹಿಡಿದರೆ 14 ಇರಬೇಕಾದ ಕಡೆ 6 ತೋರಿಸಿತು. ಬಲ್ಬು ಹಳೆಯದು, ಗಾಜಿನ ಮೇಲೆ ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಬರೀ ಗಾಜು ಒರೆಸಿದ್ದಕ್ಕೇ ಪರದೆ ಕಣ್ಣು ತೆರೆದಂತಾಯಿತು. ಬಲ್ಬು ಬದಲಾಯಿಸಿದ ಮೇಲೆ ಗೆಳೆಯರನ್ನು ಕರೆದುಕೊಂಡು ಹೋಗಿ ಕೊನೆಯ ಅರ್ಧ ಗಂಟೆ ಮತ್ತೆ ತೋರಿಸಿದೆ. ದೈವದ ಮುಖದ ಬಣ್ಣ, ಬೆಂಕಿಯ ಬೆಳಕಿನಲ್ಲಿ ಹೊಳೆಯುವ ಕಣ್ಣು, ಹಿಂದೆ ನಿಂತ ಊರಿನವರ ಮುಖ ಎಲ್ಲವೂ ಇತ್ತು. ಅವರು ಹೊರಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮನೆಯವರನ್ನೆಲ್ಲ ಕರೆದುಕೊಂಡು ಮತ್ತೊಮ್ಮೆ ಹೋಗಿ ಬಂದರಂತೆ.

ನಮ್ಮ ಜಿಲ್ಲೆಯವರಿಗೆ ‘ಕೆಜಿಎಫ್’ ಸಿನಿಮಾ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ, ಎರಡನೆಯದು 2022ರ ಏಪ್ರಿಲ್‌ನಲ್ಲಿ ಬಂತು. ಗಣಿಯ ಸೆಟ್ ಹಾಕಿದ್ದು ಇಲ್ಲಿಯ ಸೈನೈಡ್ ಗುಡ್ಡದ ಮೇಲೆ. ಅದಿರನ್ನು ಪುಡಿ ಮಾಡಿ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ ಅದು. ಗಾಳಿ ಬಂದರೆ ಊರಿನ ಮೇಲೆಲ್ಲ ಧೂಳು. ಕಥೆ ಪೂರ್ತಿ ಕಲ್ಪನೆ. ನಿಜವಾದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿಯಲ್ಲಿ ಗಂಡ ದುಡಿದಿದ್ದ ಒಬ್ಬ ಅಜ್ಜಿ ಸಿನಿಮಾ ನೋಡಿ ನನಗೆ ಹೇಳಿದ್ದು ಇಷ್ಟೇ: “ಗಣಿ ನಮ್ಮದಲ್ಲಪ್ಪ. ಗುಡ್ಡ ಮಾತ್ರ ನಮ್ಮದು.” 2024ರಲ್ಲಿ ಅದೇ ಮಣ್ಣಿನ ಚಿನ್ನದ ಬಗ್ಗೆ ತಮಿಳಿನಲ್ಲಿ ‘ತಂಗಲಾನ್’ ಬಂತು. ಅದು ಬ್ರಿಟಿಷರ ಕಾಲದಲ್ಲಿ ಚಿನ್ನ ಹುಡುಕಲು ಬಂದ ಕೂಲಿಯವರ ಕಥೆ. ರಾಬರ್ಟ್‌ಸನ್‌ಪೇಟೆಯಲ್ಲಿ ಈ ಎರಡರಲ್ಲಿ ಯಾವುದು ನಮ್ಮ ಸಿನಿಮಾ ಅಂತ ಕೇಳಿ ನೋಡಿ. ಟೀ ಅಂಗಡಿ ಮುಂದೆ ಸಂಜೆಯವರೆಗೆ ಮಾತು ನಡೆಯುತ್ತದೆ.

ನನಗೆ ‘ಕೆಜಿಎಫ್’ ಮೊದಲ ಭಾಗವೇ ಹೆಚ್ಚು ಇಷ್ಟ. ಗಣಿಯ ಒಳಗಿನ ಕತ್ತಲು, ಪಂಜಿನ ಬೆಳಕು, ಮುಖಕ್ಕೆ ಮೆತ್ತಿದ ಕಂದು ಮಸಿ. ಭುವನ್ ಗೌಡರ ಕ್ಯಾಮೆರಾ ಅಲ್ಲಿ ಬಹಳ ಕೆಲಸ ಮಾಡಿದೆ. ಕತ್ತಲಿನೊಳಗೇ ನಾಲ್ಕು ಥರದ ಕತ್ತಲಿದೆ. ಒಳ್ಳೆಯ ಪರದೆಯಲ್ಲಿ ಅದು ಕಾಣುತ್ತದೆ. ಮೊಬೈಲಿನಲ್ಲಿ, ಬಿಸಿಲಲ್ಲಿ ಕೂತು ನೋಡಿದವನಿಗೆ ಬರೀ ಕಪ್ಪು ಕಾಣುತ್ತದೆ.

ಶಬ್ದದ್ದು ಇದಕ್ಕಿಂತ ಕಷ್ಟದ ವಿಷಯ. ಬೆಳಕು ಕಡಿಮೆಯಾದರೆ ಜನ ಗೊಣಗುತ್ತಾರೆ. ಶಬ್ದ ಕಡಿಮೆಯಾದರೆ ಸಿನಿಮಾ ಬೋರ್ ಅಂದುಕೊಳ್ಳುತ್ತಾರೆ. ಥಿಯೇಟರಿನ ಸೌಂಡ್ ಯಂತ್ರದಲ್ಲಿ 7 ಅನ್ನುವ ಒಂದು ಗುರುತು ಇರುತ್ತದೆ. ಸ್ಟುಡಿಯೋದಲ್ಲಿ ಶಬ್ದ ಬೆರೆಸುವವರು ಕೇಳುವುದು ಆ ಮಟ್ಟದಲ್ಲಿ. ನಮ್ಮ ಹಾಲ್‌ಗಳಲ್ಲಿ ಅದನ್ನು 5ಕ್ಕೋ ನಾಲ್ಕೂವರೆಗೋ ಇಳಿಸಿರುತ್ತಾರೆ. ಕಾರಣವೂ ಇದೆ. ಈಗಿನ ದೊಡ್ಡ ಸಿನಿಮಾಗಳು ಕಿವಿ ಹರಿಯುವಷ್ಟು ಜೋರಾಗಿ ಬರುತ್ತವೆ, ಜನ ಜಗಳಕ್ಕೆ ಬರುತ್ತಾರೆ. ಒಂದು ಸಲ ಇಳಿಸಿದ್ದನ್ನು ಯಾರೂ ಮತ್ತೆ ಏರಿಸುವುದಿಲ್ಲ. ಮುಂದಿನ ವಾರ ಮೆಲ್ಲಗೆ ಮಾತಾಡುವ ಸಿನಿಮಾ ಬಂದರೆ ಅದರ ಉಸಿರೇ ಕೇಳಿಸುವುದಿಲ್ಲ.

‘ತಿಥಿ’ ಅಂಥ ಸಿನಿಮಾ. ಮಂಡ್ಯ ಕಡೆಯ ಹಳ್ಳಿಯ ಜನರೇ ಅದರಲ್ಲಿ ನಟಿಸಿದ್ದಾರೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು, ನಮ್ಮ ಥಿಯೇಟರುಗಳಿಗೆ ಬಂದಿದ್ದು 2016ರಲ್ಲಿ. 101 ವರ್ಷದ ಸೆಂಚುರಿ ಗೌಡ ಸಾಯುವುದರಿಂದ ಕಥೆ ಶುರು. ಅಲ್ಲಿನ ಸುಖವೆಲ್ಲ ಮಾತಿನ ಓಟದಲ್ಲಿದೆ. ಯಾರೋ ದೂರದಿಂದ ಬೈಯುವುದು, ಗಡ್ಡಪ್ಪ ಸುಮ್ನೆ ನಡೆದುಹೋಗುವುದು, ಕುರಿಗಳ ಸದ್ದು. ಬಸ್ಸಿನ ಎಂಜಿನ್ ಗದ್ದಲದಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಇದನ್ನು ಕೇಳಲು ಆಗುತ್ತಾ? ಆ ಹುಡುಗಿಗೆ ನಾನು ಹೇಳಿದ್ದೂ ಅದೇ. ನೀನು ಹೊಡೆದುಹಾಕಿದ ಹೆಸರನ್ನು ಹಾಗೇ ಇಟ್ಟುಕೋ, ಮನೆಯಲ್ಲಿ ಒಂದು ರಾತ್ರಿ ಫ್ಯಾನ್ ನಿಲ್ಲಿಸಿ ಪೂರ್ತಿ ನೋಡು ಅಂದೆ.

ಇಂಥ ಮಾತಿಗೆ ಕೆಲವರು, ಹಿಂದೆ ರೀಲಿನ ಕಾಲವೇ ಚೆನ್ನಾಗಿತ್ತು ಅನ್ನುತ್ತಾರೆ. ಆ ಕಾಲದಲ್ಲಿ ಕೆಲಸ ಮಾಡಿದವನಾಗಿ ಅದನ್ನು ಒಪ್ಪಲಾರೆ. ‘ಮುಂಗಾರು ಮಳೆ’ 2006ರ ಡಿಸೆಂಬರ್ ಕೊನೆಯಲ್ಲಿ ಬಂತು. ಬೆಂಗಳೂರಿನಲ್ಲಿ ವರ್ಷ ದಾಟಿ ಓಡಿದ ಸಿನಿಮಾ. ಆಗ ನಮ್ಮಲ್ಲಿಗೆ ಬರುತ್ತಿದ್ದುದು 35 ಎಂಎಂ ಪ್ರಿಂಟು. ಒಂದು ನಿಮಿಷಕ್ಕೆ 90 ಅಡಿ ಫಿಲ್ಮ್ ಓಡುತ್ತದೆ. ಎರಡೂವರೆ ಗಂಟೆಗೆ 13,500 ಅಡಿ. ಡಬ್ಬದಲ್ಲಿ ರೀಲುಗಳು ಬಸ್ಸಿನ ಮೇಲೆ ಬರುತ್ತಿದ್ದವು. ಒಂದು ರೀಲು ಮುಗಿಯುತ್ತಾ ಬಂದಾಗ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿದರೆ, ಮುಂದಿನ ರೀಲು ಹಾಕಿಟ್ಟ ಎರಡನೇ ಪ್ರೊಜೆಕ್ಟರಿನ ಮೋಟರ್ ಹಾಕಬೇಕು. ಮತ್ತೊಂದು ಚುಕ್ಕೆಗೆ ಬದಲಾಯಿಸಬೇಕು. ಕಣ್ಣು ಮಿಟುಕಿಸಿದರೆ ಪರದೆ ಬಿಳಿ, ಹಾಲ್ ತುಂಬಾ ಸಿಳ್ಳೆ.

ದೊಡ್ಡ ಊರುಗಳಲ್ಲಿ ಓಡಿ ಸವೆದ ಪ್ರಿಂಟು ನಮ್ಮ ತಾಲ್ಲೂಕುಗಳಿಗೆ ಬರುತ್ತಿತ್ತು. ಅದರ ಮೇಲೆ ಉದ್ದುದ್ದ ಗೆರೆಗಳು. ‘ಮುಂಗಾರು ಮಳೆ’ಯಲ್ಲಿ ಯಾವುದು ಮಳೆ, ಯಾವುದು ಗೆರೆ ಅಂತ ಗೊತ್ತಾಗದ ಪ್ರಿಂಟನ್ನು ನಾನೇ ಓಡಿಸಿದ್ದೇನೆ. ಕೃಷ್ಣ ಅವರು ತೆಗೆದ ಆ ಹಸಿರು, ಜೋಗದ ಆ ಹೊಗೆಯಂಥ ನೀರು ಎಷ್ಟು ಚೆನ್ನಾಗಿದೆ ಅಂತ ನನಗೆ ತಿಳಿದಿದ್ದು ವರ್ಷಗಳ ಮೇಲೆ, ಬೇರೆ ಪರದೆಯಲ್ಲಿ. ಆದರೂ ನಮ್ಮ ಜನ ಆ ಗೆರೆಗಳ ನಡುವೆಯೇ ಸಿನಿಮಾವನ್ನು ಪ್ರೀತಿಸಿದರು. ಜಯಂತ ಕಾಯ್ಕಿಣಿಯವರ ಸಾಲುಗಳನ್ನು ಪರದೆಗಿಂತ ಮೊದಲು ಬಾಲ್ಕನಿ ಹಾಡುತ್ತಿತ್ತು. ಅದನ್ನು ಮರೆಯಲು ಆಗುವುದಿಲ್ಲ.

ಡಿಜಿಟಲ್ ಬಂದ ಮೇಲೆ ಒಂದು ದೊಡ್ಡ ನ್ಯಾಯ ಸಿಕ್ಕಿತು. ಬೆಂಗಳೂರಿಗೆ ಬಂದ ದಿನವೇ ಬಾಗೇಪಲ್ಲಿಗೂ ಅದೇ ಹೊಸ ಚಿತ್ರ, ಗೆರೆಯಿಲ್ಲದೆ. ಸಿನಿಮಾ ಕಂಪ್ಯೂಟರ್ ಕಡತವಾಗಿ ಬರುತ್ತದೆ. ಅದನ್ನು ತೆರೆಯುವ ಕೀಲಿಯೂ ಕಡತವೇ, ಇಷ್ಟು ದಿನಕ್ಕೆ ಮಾತ್ರ ಅಂತ ಗಡುವು ಇರುತ್ತದೆ. ಆದರೆ ಎಲ್ಲ ಕಡೆ ಒಂದೇ ದಿನ ಬಂದು, ಬೇಗ ಮುಗಿದೂ ಹೋಗುತ್ತದೆ. ಜನ ಒಬ್ಬರಿಗೊಬ್ಬರು ಹೇಳಿ, ಮೂರನೇ ವಾರ ಹಾಲ್ ತುಂಬುವಂಥ ಸಿನಿಮಾಗೆ ಈಗ ಮೂರನೇ ವಾರವೇ ಇರುವುದಿಲ್ಲ. 2013ರ ‘ಲೂಸಿಯಾ’ಗೆ ಜನರೇ ದುಡ್ಡು ಹಾಕಿದ್ದರು. ಅದು ನಮ್ಮ ತಾಲ್ಲೂಕುಗಳಲ್ಲಿ ಮೆಲ್ಲಗೆ ಬೆಳೆಯಲು ಸಮಯ ಸಿಕ್ಕಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹೊರದೇಶದವರ ಪಟ್ಟಿಗಳನ್ನೂ ಮಕ್ಕಳಿಗೆ ತೋರಿಸಿದೆ. ಬಿಬಿಸಿ 2016ರಲ್ಲಿ 177 ವಿಮರ್ಶಕರನ್ನು ಕೇಳಿ ಈ ಶತಮಾನದ ನೂರು ಸಿನಿಮಾಗಳನ್ನು ಆರಿಸಿತ್ತು. ಮೊದಲು ಡೇವಿಡ್ ಲಿಂಚ್‌ನ ‘ಮುಲ್ಹಾಲೆಂಡ್ ಡ್ರೈವ್’, ಎರಡನೆಯದು ವಾಂಗ್ ಕಾರ್ ವಾಯ್‌ನ ‘ಇನ್ ದ ಮೂಡ್ ಫಾರ್ ಲವ್’. ಮೇಲಿನ ಹತ್ತರಲ್ಲಿ ಜಪಾನಿನ ಒಂದು, ಇರಾನಿನ ಒಂದು ಸಿನಿಮಾ ಇವೆ. ನಮ್ಮ ದೇಶದ್ದು ಇಲ್ಲ. 2025ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಕೊರಿಯಾದ ‘ಪ್ಯಾರಾಸೈಟ್’ ಮೊದಲಾಯಿತು. “ನಾವು ಇವನ್ನೆಲ್ಲ ನೋಡೇ ಇಲ್ಲವಲ್ಲ ಸರ್” ಅಂತ ಒಬ್ಬ ಹುಡುಗ ಬೇಜಾರು ಮಾಡಿಕೊಂಡ. ಬೇಜಾರು ಬೇಡ. ಆ 177 ಜನರಲ್ಲಿ ನಮ್ಮ ಕನ್ನಡದ ‘ದ್ವೀಪ’ ಸಿನಿಮಾವನ್ನು ಎಷ್ಟು ಮಂದಿ ನೋಡಿರಬಹುದು? ಪಟ್ಟಿ ಮಾಡುವವರು ಯಾವ ಊರಲ್ಲಿ ಕೂತಿದ್ದಾರೋ ಅಲ್ಲಿಗೆ ಬಂದ ಸಿನಿಮಾಗಳಷ್ಟೇ ಪಟ್ಟಿಗೆ ಬರುತ್ತವೆ. ಇದನ್ನು ದೂರಾಗಿ ಹೇಳುತ್ತಿಲ್ಲ, ಕ್ಯಾಬಿನ್‌ನಲ್ಲಿ ಕೂತು ಕಂಡಿದ್ದನ್ನು ಹೇಳುತ್ತಿದ್ದೇನೆ.

‘ಇನ್ ದ ಮೂಡ್ ಫಾರ್ ಲವ್’ ಅನ್ನು ಒಂದು ಸಣ್ಣ ಹಾಲ್‌ನಲ್ಲಿ ನಾನು ಒಮ್ಮೆ ತೋರಿಸಿದ್ದೆ. ಅದರ ಚೌಕಟ್ಟು ಈಗಿನ ಸಿನಿಮಾಗಳಷ್ಟು ಅಗಲವಿಲ್ಲ. ಪರದೆ ತುಂಬಲಿ ಅಂತ ಹಿಗ್ಗಿಸಿದರೆ ತಲೆ, ಕಾಲು ಕತ್ತರಿಸಿಹೋಗುತ್ತವೆ. ಅದರಲ್ಲಿ ಇಕ್ಕಟ್ಟಾದ ಮೆಟ್ಟಿಲು, ಓಣಿ, ಬಾಗಿಲ ಸಂದಿಯೇ ಕಥೆ. ಅದಕ್ಕೆ ಪರದೆಯ ಎರಡೂ ಕಡೆ ಕಪ್ಪು ಬಟ್ಟೆ ಎಳೆದು ಚಿಕ್ಕದು ಮಾಡಿದೆ. ಮನೆಯ ಟಿವಿಯಲ್ಲೂ ಅಷ್ಟೇ. ಚಿತ್ರ ಎಳೆದು ಅಗಲ ಮಾಡಬೇಡಿ, ‘ಸಿನಿಮಾ’ ಅನ್ನುವ ಸೆಟ್ಟಿಂಗ್ ಇದ್ದರೆ ಅದನ್ನೇ ಇಡಿ, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಥಿಯೇಟರಿನಲ್ಲಿ ಮಬ್ಬು ಅನ್ನಿಸಿದರೆ ಮೊದಲ ಹತ್ತು ನಿಮಿಷದಲ್ಲೇ ಎದ್ದು ಹೋಗಿ ಆಪರೇಟರಿಗೆ ಮರ್ಯಾದೆಯಿಂದ ಹೇಳಿ. ಹೆಚ್ಚಿನವರು ಕೇಳುತ್ತಾರೆ. ನಾನಂತೂ ಕೇಳುತ್ತಿದ್ದೆ.

ನನ್ನ ಚೀಟಿಯಲ್ಲಿ ಮೊದಲ ಹೆಸರು ಏನು ಅಂತ ಮಕ್ಕಳು ಕೇಳಿದರು. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’. ನಾ. ಡಿಸೋಜ ಅವರ ಕಾದಂಬರಿಯಿಂದ ಬಂದ ಸಿನಿಮಾ. ಸೌಂದರ್ಯ ಅವರೇ ನಿರ್ಮಿಸಿ, ನಾಗಿಯ ಪಾತ್ರ ಮಾಡಿದರು. ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ಛಾಯಾಗ್ರಹಣ ಎರಡೂ ಅದಕ್ಕೆ ಸಿಕ್ಕವು. ಸೌಂದರ್ಯ ಕೋಲಾರ ಜಿಲ್ಲೆ ಮೂಲದವರು. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮುಳಬಾಗಿಲಿನಲ್ಲಿ ಅವರ ತೆಲುಗು ಸಿನಿಮಾಗಳ ಹಾಡು ಗೊತ್ತಿಲ್ಲದವರಿಲ್ಲ. ‘ದ್ವೀಪ’ ನೋಡಿದವರು ಮಾತ್ರ ನನಗೆ ಹೆಚ್ಚು ಸಿಕ್ಕಿಲ್ಲ.

ಅದಕ್ಕೇ ಕೆಲವು ವರ್ಷದ ಹಿಂದೆ ಮುಳಬಾಗಿಲಿನ ಗೆಳೆಯರ ಜೊತೆ ಸೇರಿ ಒಂದು ಹಾಲ್‌ನಲ್ಲಿ ಅದನ್ನು ಹಾಕಿದ್ದೆವು. ಸ್ಪೀಕರನ್ನು ನಾನೇ ಮಧ್ಯಾಹ್ನವೆಲ್ಲ ಕೂತು ಸರಿ ಮಾಡಿದೆ. ಅಣೆಕಟ್ಟಿನ ನೀರು ಏರುತ್ತದೆ, ಊರು ಖಾಲಿಯಾಗುತ್ತದೆ, ಒಂದೇ ಕುಟುಂಬ ಗುಡ್ಡದ ಮೇಲೆ ಉಳಿಯುತ್ತದೆ. ಬಿಡದೆ ಮಳೆ. ನಾಗಿ ಒಬ್ಬಳೇ ಹೆಣಗಾಡಿ ಮನೆ ಉಳಿಸುತ್ತಾಳೆ. ಗಂಡ ಎಲ್ಲ ದೇವರ ದಯೆ ಅನ್ನುತ್ತಾನೆ. ಆ ಮಾತಿಗೆ ಮುಂದಿನ ಸಾಲಿನ ಹೆಂಗಸರು ಒಟ್ಟಿಗೆ “ಅಯ್ಯೋ” ಅಂದರು.

ಹಿಂದೆ ಒಬ್ಬ ರೈತರು ಕೂತಿದ್ದರು. ಒಂದು ವರ್ಷ ಮಳೆ ಬಂದರೆ ನಾಲ್ಕು ವರ್ಷ ನೆನೆಸಿಕೊಳ್ಳುವ ಊರಿನವರು. ಮಳೆಯ ಸದ್ದು ಜೋರಾದಾಗ ಅವರು ಎದ್ದು ಬಾಗಿಲ ಹತ್ತಿರ ಹೋದರು. ಹೊರಗೆ ಕೈ ಚಾಚಿ ನೋಡಿದರು. ಅಂಗೈ ಒಣಗಿತ್ತು. ವಾಪಸ್ ಬಂದು ಕೂತು, ಪಕ್ಕದವರಿಗೆ ಮೆಲ್ಲಗೆ “ಇದರಲ್ಲಿ ಅರ್ಧ ನೀರು ನಮ್ಮ ಕೆರೆಗೆ ಬರಬಾರದಿತ್ತಾ” ಅಂದರು. ಸಿನಿಮಾ ಮುಗಿಯುವವರೆಗೂ ಅವರು ಮತ್ತೆ ಏಳಲಿಲ್ಲ.