ಯಾರ್ನ್ ಬಾಂಬಿಂಗ್: ಬೀದಿಗೆ ತೊಡಿಸುವ ಹೆಣಿಗೆ

ಬಲೆ ಹರಿದುಹೋದ ಬ್ಯಾಸ್ಕೆಟ್‌ಬಾಲ್ ರಿಂಗ್‌ನೊಳಗೆ ಚೆಂಡು ನೇರವಾಗಿ ತೂರಿ ಬಿದ್ದರೆ ಸದ್ದೇ ಆಗುವುದಿಲ್ಲ. ಒಳಗಿನಿಂದ ಬಿತ್ತೋ, ಪಕ್ಕದಿಂದ ಜಾರಿತೋ ಎಂದು ದೂರ ನಿಂತವರಿಗೆ ಗೊತ್ತಾಗುವುದಿಲ್ಲ. ಆಡುವವರ ಅರ್ಧ ಜಗಳ ಅಲ್ಲಿಂದಲೇ ಶುರು. ಅಂಥ ಬೋಳು ರಿಂಗ್‌ಗೆ ಯಾರೋ ತಮ್ಮ ಕೈಯಾರೆ ಹೆಣೆದ ಬಣ್ಣದ ಬಲೆಯನ್ನು ತಂದು, ಏಣಿ ಹತ್ತಿ ಕಟ್ಟಿ ಹೋದರೆ? ಯಾರ್ನ್ ಬಾಂಬಿಂಗ್ ಎಂಬ ಪದವನ್ನು ವಿವರಿಸಲು ನಾನು ಈ ಬಲೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಕಲೆಯ ಕುಲದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೂಸು ಇದು.

ಯಾರ್ನ್ ಎಂದರೆ ಹೆಣೆಯಲು ಬಳಸುವ ನೂಲು, ಉಣ್ಣೆಯ ದಾರ. ಬಾಂಬಿಂಗ್ ಇಲ್ಲಿ ಯುದ್ಧದ ಮಾತಲ್ಲ, ಗ್ರಾಫಿಟಿ ಬರೆಯುವವರ ಮಾತು. ಸ್ವಲ್ಪ ಹೊತ್ತಿನಲ್ಲಿ ಆದಷ್ಟು ಹೆಚ್ಚು ಗೋಡೆಗಳ ಮೇಲೆ ಹೆಸರು ಬರೆದು ಮರೆಯಾಗುವುದಕ್ಕೆ ಅವರು ಹಾಗೆನ್ನುತ್ತಾರೆ. ಅದೇ ಕೆಲಸವನ್ನು ಬಣ್ಣದ ಡಬ್ಬಿಯ ಬದಲು ಹೆಣಿಗೆ ಕಡ್ಡಿಯಿಂದಲೋ ಕ್ರೋಶಾ ಕೊಕ್ಕೆಯಿಂದಲೋ ಮಾಡಿದರೆ ಯಾರ್ನ್ ಬಾಂಬಿಂಗ್. ದೀಪದ ಕಂಬ, ಬೆಂಚು, ಸೇತುವೆಯ ಕಟಕಟೆ, ಸೈಕಲ್ ಯಾವುದಕ್ಕಾದರೂ ಅಳತೆಗೆ ಸರಿಯಾಗಿ ಹೆಣೆದು ಉಡುಪು ತೊಡಿಸುವುದು. ಬಾಂಬ್ ಎಂಬ ಪದ ಹಿಡಿಸದ ಲಂಡನ್ನಿನ ಲಾರೆನ್ ಒ'ಫ್ಯಾರೆಲ್ ಅದನ್ನು ಯಾರ್ನ್‌ಸ್ಟಾರ್ಮಿಂಗ್ ಎಂದು ಕರೆದರು. ಕನ್ನಡದಲ್ಲಿ ಹೇಳುವುದಾದರೆ ನಾನು 'ನೂಲುಡುಗೆ' ಎನ್ನುವೆ. ದಾಳಿಗಿಂತ ತೊಡಿಸುವ ಭಾವವೇ ಈ ಕೆಲಸಕ್ಕೆ ಹತ್ತಿರ.

ಇದನ್ನು ಜನಪ್ರಿಯಗೊಳಿಸಿದವರೆಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಹೂಸ್ಟನ್ನಿನ ಮ್ಯಾಗ್ಡಾ ಸೇಯೆಗ್ ಅವರನ್ನು. 2005ರಲ್ಲಿ ಅವರು ತಮ್ಮ ಅಂಗಡಿಯ ಬಾಗಿಲ ಹಿಡಿಗೆ ಒಂದು ಪುಟ್ಟ ಹೆಣಿಗೆಯ ತುಂಡು ಸುತ್ತಿದರು. ದಾರಿಹೋಕರು ನಿಂತು ನೋಡಿದರು, ಮುಟ್ಟಿದರು. ಆಮೇಲೆ ರಸ್ತೆಯ ಸ್ಟಾಪ್ ಫಲಕದ ಕಂಬಕ್ಕೂ ಉಡುಗೆ ಬಂತು. ಕೆನಡಾದ ಜೋನ್ ಮ್ಯಾಟ್ವಿಚುಕ್ ಅವರ ಕರೆಯಿಂದ 2011ರ ಜೂನ್ 11ರಂದು ಮೊದಲ ಅಂತರರಾಷ್ಟ್ರೀಯ ಯಾರ್ನ್ ಬಾಂಬಿಂಗ್ ದಿನವೂ ನಡೆಯಿತು.

ಈ ಪದದ ಜೊತೆಗೇ ಓಡಾಡುವ ಇನ್ನೊಂದು ಪದ ಕ್ರಾಫ್ಟಿವಿಸಂ, ಅಂದರೆ ಕೈಕಸುಬಿನ ಮೂಲಕ ನಡೆಸುವ ಚಳವಳಿ. ಎರಡನ್ನೂ ಒಂದೇ ಎಂದು ತಿಳಿಯಬಾರದು. ಕಂಬಕ್ಕೆ ಬರೀ ಅಂದಕ್ಕಾಗಿ ಹೆಣೆದದ್ದು ಯಾರ್ನ್ ಬಾಂಬಿಂಗ್ ಹೌದು, ಚಳವಳಿ ಅಲ್ಲ. ಎರಡೂ ಕೂಡಿದ್ದಕ್ಕೆ ಡೆನ್ಮಾರ್ಕಿನ ಕಲಾವಿದೆ ಮೇರಿಯಾನ್ ಯೋರ್ಗೆನ್ಸೆನ್ ಅವರ ಕೆಲಸವನ್ನು ನೋಡಬೇಕು. ಇರಾಕ್ ಯುದ್ಧವನ್ನು ವಿರೋಧಿಸಿ 2006ರಲ್ಲಿ ಅವರು ಎರಡನೆಯ ಮಹಾಯುದ್ಧ ಕಾಲದ ಟ್ಯಾಂಕೊಂದನ್ನು ಕೋಪನ್‌ಹೇಗನ್ನಿನಲ್ಲಿ ನಿಲ್ಲಿಸಿ, ತೋಪಿನ ನಳಿಕೆಯವರೆಗೂ ಗುಲಾಬಿ ಹೆಣಿಗೆಯಿಂದ ಮುಚ್ಚಿದರು. ಹಲವು ದೇಶಗಳ ಜನ ಹೆಣೆದು ಕಳಿಸಿದ, 15 ಸೆಂಟಿಮೀಟರ್ ಅಗಲದ 4,000ಕ್ಕೂ ಹೆಚ್ಚು ಚೌಕಗಳನ್ನು ಸೇರಿಸಿ ಹೊಲಿದ ಹೊದಿಕೆ ಅದು.

ಇನ್ನು ಬಲೆಯ ವಿಷಯ. ಬಾಸ್ಟನ್ನಿನಲ್ಲಿ ಕಲಾವಿದೆ ಮರಿಯಾ ಮೊಲ್ಟೆನಿ ಆರಂಭಿಸಿದ 'ನ್ಯೂ ಕ್ರಾಫ್ಟ್ ಆರ್ಟಿಸ್ಟ್ಸ್ ಇನ್ ಆ್ಯಕ್ಷನ್' ಎಂಬ ಬಳಗ ಸಾರ್ವಜನಿಕ ಅಂಗಳಗಳ ಬೋಳು ರಿಂಗ್‌ಗಳಿಗೆ ಕೈಯಿಂದ ಹೆಣೆದ ಬಲೆಗಳನ್ನು ಕಟ್ಟುತ್ತ ಬಂದಿದೆ. ಬಳಗದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಎನ್‌ಸಿಎಎ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ದೊಡ್ಡ ಸಂಸ್ಥೆಗೂ ಇದೇ ಸಂಕ್ಷಿಪ್ತ ಹೆಸರು. ಆಟದವರೂ ಹೆಣೆಯುವವರೂ ಒಂದೇ ಅಂಗಳದವರು ಎಂಬುದನ್ನು ಆ ಹೆಸರೇ ಸಾರುತ್ತದೆ.

ಈ ಬಲೆಯನ್ನು ಹತ್ತಿರದಿಂದ ನೋಡಬೇಕು. ರಿಂಗ್‌ನ ಒಳ ಅಗಲ ಸುಮಾರು 45 ಸೆಂಟಿಮೀಟರ್, ಅದರ ಕೆಳಗೆ ಬಲೆ ಸಿಕ್ಕಿಸಲು 12 ಕೊಂಡಿಗಳು. ಹಾಗಾಗಿ ಹೆಣಿಗೆಯೂ 12 ಕುಣಿಕೆಗಳಿಂದಲೇ ಶುರುವಾಗುತ್ತದೆ. ಒಂದು ಕುಣಿಕೆಯಿಂದ ಪಕ್ಕದ್ದಕ್ಕೆ ಸರಪಳಿ ಹೆಣಿಗೆ ಇಳಿಬಿಟ್ಟು, ಮುಂದಿನ ಸುತ್ತಿನಲ್ಲಿ ಆ ಸರಪಳಿಯ ನಟ್ಟನಡುವೆ ಕೊಕ್ಕೆ ಹಾಕಿ ಎಳೆದರೆ ವಜ್ರಾಕಾರದ ಕಣ್ಣುಗಳು ಮೂಡುತ್ತವೆ. ಸುತ್ತಿನಿಂದ ಸುತ್ತಿಗೆ ಸರಪಳಿಯ ಒಂದೆರಡು ಕೊಂಡಿ ಕಡಿಮೆ ಮಾಡುತ್ತ ಹೋಗಬೇಕು, ಆಗ ಬಲೆ ಕೆಳಗೆ ಕಿರಿದಾಗುತ್ತದೆ. ಚೆಂಡಿನ ಅಗಲ ಸುಮಾರು 24 ಸೆಂಟಿಮೀಟರ್. ಬಾಯಿ ತೀರ ಬಿಗಿಯಾದರೆ ಚೆಂಡು ಅಲ್ಲೇ ಸಿಕ್ಕಿಕೊಳ್ಳುತ್ತದೆ, ತೀರ ಸಡಿಲವಾದರೆ ಬಲೆ ಇದ್ದೂ ಇಲ್ಲದಂತೆ. ಚೆಂಡನ್ನು ಒಂದು ಕ್ಷಣ ತಡೆದು, ತಾನೂ ಒಮ್ಮೆ ಕುಲುಕಿ, ಆಮೇಲೆ ಬಿಟ್ಟುಕೊಡಬೇಕು. ಆ ಹದ ಹೆಣೆಯುವವರ ಬೆರಳಿನಲ್ಲಿದೆ. ಉಣ್ಣೆ ಇಲ್ಲಿ ನಡೆಯುವುದಿಲ್ಲ, ನೀರು ಕುಡಿದು ಜೋತುಬೀಳುತ್ತದೆ. ಗಟ್ಟಿ ಹತ್ತಿಹಗ್ಗ ಅಥವಾ ನೈಲಾನ್ ಬೇಕು.

ಯಾರ್ನ್ ಬಾಂಬಿಂಗಿನ ಮೇಲಿನ ದೂರುಗಳಿಗೂ ಇಲ್ಲೇ ಉತ್ತರ ಹುಡುಕಬಹುದೆಂದು ನನ್ನ ಎಣಿಕೆ. ಅನುಮತಿಯಿಲ್ಲದೆ ಸಾರ್ವಜನಿಕ ಆಸ್ತಿಗೆ ಏನನ್ನಾದರೂ ಕಟ್ಟುವುದು ಹಲವೆಡೆ ಕಾನೂನಿಗೆ ವಿರುದ್ಧ. ಮರಕ್ಕೆ ತೊಡಿಸಿ ಮರೆತುಬಿಟ್ಟ ಹೆಣಿಗೆ ಮಳೆಯಲ್ಲಿ ನೆನೆದು, ಬೂಸ್ಟು ಹಿಡಿದು, ಕೊನೆಗೆ ಕಸವಾಗುತ್ತದೆ. ಈ ಮಾತು ನಿಜ, ತಳ್ಳಿಹಾಕುವಂಥದ್ದಲ್ಲ. ಕಂಬಕ್ಕೆ ಉಡುಗೆ ಬೇಕಿರಲಿಲ್ಲ, ರಿಂಗ್‌ಗೆ ಬಲೆ ಬೇಕಿತ್ತು. ಹಾಗೆ ಬೇಕಾದ ಕಡೆ ಕಟ್ಟಿದ್ದನ್ನು ಯಾರೂ ಮರೆಯುವುದಿಲ್ಲ, ದಿನವೂ ಚೆಂಡು ಅದನ್ನು ಮುಟ್ಟಿ ನೋಡುತ್ತಿರುತ್ತದೆ.

ಅದೂ ಒಂದು ದಿನ ಹರಿಯುತ್ತದೆ. ಸಾಮಾನ್ಯವಾಗಿ ಮೊದಲು ಸವೆಯುವುದು ಮೇಲಿನ ಕುಣಿಕೆಗಳು, ಕೊಂಡಿಯ ಕಬ್ಬಿಣಕ್ಕೆ ಉಜ್ಜಿ ಉಜ್ಜಿ. ಎರಡು ಕುಣಿಕೆ ಕಿತ್ತು ಬಲೆ ಒಂದು ಪಕ್ಕಕ್ಕೆ ವಾಲಿದಾಗ, ಮತ್ತೆ ಏಣಿ ತಂದು, ಉಳಿದ ಹತ್ತನ್ನೂ ಬಿಚ್ಚಿ, ಹೊಸದನ್ನು ಸಿಕ್ಕಿಸಬೇಕು.