ಮಗಳು ಓದಲು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮಗಳು ವಿಶ್ವವಿದ್ಯಾಲಯ ಸೇರಿ ಹಾಸ್ಟೆಲಿಗೆ ಹೋಗಿ ಮೂರು ವಾರವಾಯಿತು. ಮನೆ ಬಿಕೋ ಅನ್ನುತ್ತಿದೆ. ನನಗೆ ‘ಖಾಲಿ ಗೂಡಿನ ಕಾಯಿಲೆ’ ಬಂದಿದೆ ಅನ್ನುತ್ತಾರೆ. ಇದಕ್ಕೆ ಮದ್ದೇನು?

ಹೊಸ ತರಗತಿಗಳು ಶುರುವಾಗುವ ಹೊತ್ತಿಗೆ ಪ್ರತಿ ವರ್ಷವೂ ಇದೇ ಪ್ರಶ್ನೆ. ಈ ಸಲ ಉದ್ದವಾಗಿಯೇ ಬರೆದುಬಿಡುತ್ತೇನೆ. ಮುಂದಿನ ವರ್ಷ ಇದನ್ನೇ ತೋರಿಸಿದರಾಯಿತು.

ಚುಟುಕಾಗಿ ಹೇಳುವುದಾದರೆ, ಅಳು ಬಂದರೆ ಅತ್ತುಬಿಡಿ. ಯಾವಾಗ ಫೋನ್ ಮಾಡಬೇಕೆಂದು ಮಗಳೇ ಹೇಳಲಿ. ರಾತ್ರಿ ಹನ್ನೊಂದಕ್ಕೆ ಅವಳ ‘ಲಾಸ್ಟ್ ಸೀನ್’ ನೋಡುತ್ತ ಕೂರುವ ಚಟ ಬಿಡಿ. ಅದರಿಂದ ಅವಳು ಎದ್ದಿದ್ದಾಳೆ ಅನ್ನುವುದೊಂದು ಗೊತ್ತಾಗುತ್ತದೆ, ನಿಮ್ಮ ನಿದ್ದೆ ಹೋಗುತ್ತದೆ, ಅಷ್ಟೆ.

ಇನ್ನು ಆ ‘ಕಾಯಿಲೆ’. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ! ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದಿಲ್ಲ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲೂ ಇಲ್ಲ. ಇದು ಬರೀ ಉಪಮೆ. ಅದೂ ಹಕ್ಕಿಗಳ ಬಗ್ಗೆ ಏನೂ ಗೊತ್ತಿಲ್ಲದ ಉಪಮೆ. ಬಹುಪಾಲು ಹಕ್ಕಿಗಳಿಗೆ ಗೂಡು ಮನೆಯಲ್ಲ, ತೊಟ್ಟಿಲು. ಮರಿ ಹೊರಬಿದ್ದ ಮೇಲೆ ತಾಯಿಹಕ್ಕಿ ಅಲ್ಲಿ ಕೂತು ಕೊರಗುವುದಿಲ್ಲ, ತಾನೂ ಗೂಡು ಬಿಡುತ್ತದೆ. ಎಷ್ಟೋ ಜಾತಿಗಳಲ್ಲಿ ಹೊರಗೆ ಕೊಂಬೆಯ ಮೇಲೆ ಕೂತ ಮರಿಗೆ ಇನ್ನೂ ಕೆಲವು ದಿನ, ಕೆಲವು ವಾರ ಗುಟುಕು ಕೊಡುತ್ತದೆ. ಗೂಡು ಖಾಲಿಯಾದರೂ ಸಾಕುವ ಕೆಲಸ ಮುಗಿದಿರುವುದಿಲ್ಲ. ಉಪಮೆ ಬೇಕೇ ಬೇಕೆಂದರೆ ಅದನ್ನು ಪೂರ್ತಿ ಇಟ್ಟುಕೊಳ್ಳಿ.

ಮಕ್ಕಳು ಹೋದ ಮೇಲೆ ತಾಯಂದಿರೆಲ್ಲ ಕುಸಿಯುತ್ತಾರೆ ಅನ್ನುವುದೂ ಸುಳ್ಳು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದಷ್ಟು ಹೆಂಗಸರ ಬದುಕನ್ನು 18 ವರ್ಷ ಹಿಂಬಾಲಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳು ಮನೆ ಬಿಟ್ಟ ಮೇಲೆ ಅವರಿಗೆ ದಾಂಪತ್ಯದಲ್ಲಿ ತೃಪ್ತಿ ಹೆಚ್ಚಿತ್ತು. ಗಂಡನ ಜೊತೆ ಕಳೆಯುವ ಹೊತ್ತು ಜಾಸ್ತಿಯಾಗಿದ್ದಕ್ಕಲ್ಲ, ಇದ್ದ ಹೊತ್ತೇ ಹಿತವಾಗಿದ್ದಕ್ಕೆ. ನಿಮಗೂ ಹಾಗೇ ಆಗುತ್ತದೆ ಅನ್ನುತ್ತಿಲ್ಲ. ಆದರೆ ಒಂದು ಸಂಜೆ ಹಾಯೆನಿಸಿದರೆ ‘ನಾನೆಂಥ ತಾಯಿ’ ಅಂತ ಕೊರಗಬೇಡಿ.

ಈ ಹೆಸರಿನ ಮೇಲೆ ನನಗೆ ಇಷ್ಟು ಸಿಟ್ಟೇಕೆಂದರೆ, ಅದು ನಿಜವಾದ ಕಾಯಿಲೆಯನ್ನು ಮುಚ್ಚಿಹಾಕುತ್ತದೆ. ಎರಡು ವಾರ, ದಿನದ ಬಹುಹೊತ್ತು ಮನಸ್ಸು ಕುಗ್ಗಿಯೇ ಇದ್ದು, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ, ಹಸಿವು ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ‘ಮಗಳು ಹೋದಳಲ್ಲ, ಅದಕ್ಕೇ’ ಅಂದುಕೊಂಡು ಕೂತರೆ ತಿಂಗಳುಗಳು ಕಳೆಯುತ್ತವೆ. ಎಷ್ಟೋ ತಾಯಂದಿರಿಗೆ ಮುಟ್ಟು ನಿಲ್ಲುವ ಕಾಲವೂ ಇದೇ. ಆಗ ನಿದ್ದೆ ಕೆಡುವುದನ್ನೂ ಗೂಡಿನ ಲೆಕ್ಕಕ್ಕೇ ಬರೆಯುತ್ತಾರೆ. ಅಪ್ಪಂದಿರ ಸುದ್ದಿಯನ್ನಂತೂ ಯಾರೂ ಎತ್ತುವುದಿಲ್ಲ.

ಅಂದಹಾಗೆ, ಮಕ್ಕಳಿಗಾಗುವ ಮನೆಯ ಹಂಬಲವನ್ನೂ ಒಮ್ಮೆ ಕಾಯಿಲೆಯೆಂದೇ ಕರೆದಿದ್ದರು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಅದಕ್ಕೆ ‘ನಾಸ್ಟಾಲ್ಜಿಯಾ’ ಅಂತ ಹೆಸರಿಟ್ಟು ಪ್ರಬಂಧವನ್ನೇ ಬರೆದ. ಮಗಳು ಸಂಜೆ ಫೋನಿನಲ್ಲಿ ಗೊಳೋ ಅಂದು, ಹತ್ತೇ ನಿಮಿಷಕ್ಕೆ ಗೆಳತಿಯರ ಜೊತೆ ಊಟಕ್ಕೆ ಹೋಗಿರುತ್ತಾಳೆ. ಆ ಅಳುವನ್ನು ಹೊತ್ತುಕೊಂಡು ರಾತ್ರಿಯಿಡೀ ಹೊರಳುವವರು ನೀವು. ಮರುದಿನ ಅವಳಿಗೆ ಅದರ ನೆನಪೂ ಇರುವುದಿಲ್ಲ.

ನೀವು ಕೇಳದ ಪ್ರಶ್ನೆ ಒಂದಿದೆ: ಮನೆಯಲ್ಲಿ ಉಳಿದ ಚಿಕ್ಕವರ ಗತಿಯೇನು? ನಮ್ಮ ಮನೆಯಲ್ಲಿ ಮೊದಲ ಕೆಲವು ವಾರ ನಾನು ಅಭ್ಯಾಸಬಲದಿಂದ ನಾಲ್ಕೇ ತಟ್ಟೆ ಇಡುತ್ತಿದ್ದೆ. ಮಗ ಮಾತಾಡದೆ ಒಂದನ್ನು ಎತ್ತಿ ಒಳಗಿಟ್ಟು ಬರುತ್ತಿದ್ದ. ಅವನಿಗೂ ಅಕ್ಕ ಇಲ್ಲವಲ್ಲ ಅಂತ ನನಗೆ ಹೊಳೆದಿರಲೇ ಇಲ್ಲ. ಒಂದು ದಿನ ಅವನೇ ಬಾಯಿಬಿಟ್ಟ: “ಅಮ್ಮಾ, ಅಕ್ಕನ ಪಾಲಿನ ಬೈಗುಳಾನೂ ಈಗ ನಂಗೇ ಬೀಳ್ತಿದೆ.”

ಲೆಕ್ಕ ಹಾಕಿ ನೋಡಿದೆ, ಹೌದು.