ಬಾಣ ಕೂಡಿಸಿ, ಕ್ವಾಂಟಮ್ ಓದಿ

ಕಪ್ಪುಕುಳಿಗಳು ನಿಧಾನವಾಗಿ ಆವಿಯಾಗುತ್ತವೆ ಎನ್ನುವುದು ಈಗ ಹೈಸ್ಕೂಲ್ ಮಕ್ಕಳ ಕಿವಿಗೂ ಬಿದ್ದಿದೆ. ಹೇಗೆ ಎಂದು ಕೇಳಿ, ಎಲ್ಲರೂ ಹೇಳುವುದು ಒಂದೇ ಕಥೆ. ಖಾಲಿ ಜಾಗದಲ್ಲಿ ಕಣಗಳು ಜೋಡಿಜೋಡಿಯಾಗಿ ಹುಟ್ಟಿ ಸಾಯುತ್ತಿರುತ್ತವೆ. ಕುಳಿಯ ಅಂಚಿನಲ್ಲಿ ಹುಟ್ಟಿದ ಜೋಡಿಯಲ್ಲಿ ಒಂದು ಒಳಗೆ ಬೀಳುತ್ತದೆ, ಇನ್ನೊಂದು ತಪ್ಪಿಸಿಕೊಂಡು ಹೊರಗೆ ಓಡುತ್ತದೆ. ಒಳಗೆ ಬಿದ್ದದ್ದು ಋಣ ಶಕ್ತಿಯ ಕಣ, ಅದಕ್ಕೇ ಕುಳಿ ಸೊರಗುತ್ತದೆ. ಓದಿದವರಿಗೆ ಅರ್ಥವಾಯಿತು ಎಂಬ ಖುಷಿ. ಆದರೆ ಕ್ಲಾಸಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿ, ‘ಯಾವಾಗಲೂ ಋಣ ಶಕ್ತಿಯ ಕಣವೇ ಯಾಕೆ ಒಳಗೆ ಬೀಳಬೇಕು ಸಾರ್? ಒಮ್ಮೆ ಅದು, ಒಮ್ಮೆ ಇದು ಬಿದ್ದರೆ ಲೆಕ್ಕ ಸರಿಹೋಯ್ತಲ್ವಾ?’ ಎಂದರೆ ಆ ಚಿತ್ರದೊಳಗೆ ಉತ್ತರ ಸಿಗುವುದಿಲ್ಲ.

ತಮಾಷೆ ಏನೆಂದರೆ, ಈ ಚಿತ್ರವನ್ನು ತೀರಾ ಅಕ್ಷರಶಃ ತೆಗೆದುಕೊಳ್ಳಬೇಡಿ ಎಂದು, ಕುಳಿ ಆವಿಯಾಗುತ್ತದೆಂದು ಲೆಕ್ಕಹಾಕಿ ತೋರಿಸಿದ ಸ್ಟೀಫನ್ ಹಾಕಿಂಗ್ ತಮ್ಮ 1975ರ ಪ್ರಬಂಧದಲ್ಲೇ ಎಚ್ಚರಿಸಿದ್ದರು. 1988ರಲ್ಲಿ ಅವರ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಬಂತು. ಅದರ ಮೂಲಕ ಕಥೆ ಊರೂರು ಸುತ್ತಿತು, ಎಚ್ಚರಿಕೆ ಪ್ರಬಂಧದಲ್ಲೇ ಉಳಿಯಿತು. ಪುಸ್ತಕದಲ್ಲಿ ಹಾಕುವ ಒಂದೊಂದು ಸಮೀಕರಣಕ್ಕೂ ಮಾರಾಟ ಅರ್ಧಕ್ಕೆ ಇಳಿಯುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಹಾಗಾಗಿ ಐನ್‌ಸ್ಟೈನ್ ಅವರ ಒಂದೇ ಒಂದು ಸಮೀಕರಣ ಇಟ್ಟು ಉಳಿದದ್ದೆಲ್ಲ ಬಿಟ್ಟರು.

ಗಣಿತ ಬಿಡಲಿ, ನನ್ನ ತಕರಾರಿಲ್ಲ. ಗಣಿತ ಬಿಟ್ಟ ಜಾಗದಲ್ಲಿ ಏನು ತುಂಬುತ್ತಾರೆ ಎನ್ನುವುದೇ ತಕರಾರು. ಗಿಡಮರಗಳ ಬಗ್ಗೆ ಬರೆಯುವವರಿಗೆ ಒಂದು ಅನುಕೂಲ ಇದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದುವಾಗ ಗಿಡ ಕಣ್ಣೆದುರೇ ಇರುತ್ತದೆ, ಬೇಕಾದರೆ ಹೋಗಿ ಎಲೆ ಮುಟ್ಟಿ ನೋಡಬಹುದು. ಬೆಳಕಿನ ಕಣವಾದ ಫೋಟಾನನ್ನು ಹಾಗೆ ತೋರಿಸಲು ಆಗುವುದಿಲ್ಲ. ಅದಕ್ಕೇ ಭೌತಶಾಸ್ತ್ರದವರು ಉಪಮೆಗಳ ಮೊರೆ ಹೋಗುತ್ತಾರೆ.

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಹಾಗೆ ಮಾಡಲಿಲ್ಲ. ಸಾಹಿತ್ಯ ಓದಿದ್ದ ಗೆಳತಿ ಆಲಿಕ್ಸ್ ಮಾಟ್ನರ್ ಅವರಿಗೆ ಭೌತಶಾಸ್ತ್ರದ ಬಗ್ಗೆ ವಿಪರೀತ ಕುತೂಹಲ. ಅವರಿಗೆ ತಿಳಿಯುವ ಹಾಗೆ ಬೆಳಕು ಮತ್ತು ಎಲೆಕ್ಟ್ರಾನ್‌ಗಳ ಕ್ವಾಂಟಮ್ ಸಿದ್ಧಾಂತ ಹೇಳಬೇಕೆಂದಿದ್ದರು. ಅದೇ ಸಿದ್ಧಾಂತಕ್ಕೆ 1965ರಲ್ಲಿ ಫೈನ್‌ಮನ್‌ಗೆ ನೊಬೆಲ್ ಬಂದಿತ್ತು. ಕೊನೆಗೆ ಆಲಿಕ್ಸ್ ತೀರಿಕೊಂಡ ಮೇಲೆ ಅವರ ನೆನಪಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಾಲ್ಕು ಉಪನ್ಯಾಸ ಕೊಟ್ಟರು. 1985ರಲ್ಲಿ ಅದು ‘ಕ್ಯುಇಡಿ’ (ಆ ಸಿದ್ಧಾಂತದ ಹೆಸರಾದ ಕ್ವಾಂಟಮ್ ಎಲೆಕ್ಟ್ರೋಡೈನಾಮಿಕ್ಸ್‌ನ ಚುಟುಕು ರೂಪ) ಎಂಬ ಸಣ್ಣ ಪುಸ್ತಕವಾಯಿತು. ಮಾಯಾ ಜನಾಂಗದ ಪುರೋಹಿತರು ಶುಕ್ರನ ಲೆಕ್ಕ ಹಾಕುತ್ತಿದ್ದ ಮಾತು ಅದರಲ್ಲಿ ಬರುತ್ತದೆ. ಬೇಗ ಬೇಗ ಕಳೆಯುವ ಲೆಕ್ಕ ಕಲಿಯಲು ಅವರಿಗೆ ವರ್ಷಗಳೇ ಬೇಕಾಗಿರಬಹುದು. ಆದರೆ ಕಳೆಯುವುದು ಎಂದರೆ ಏನು? ಪಾತ್ರೆಯಲ್ಲಿ ಕಾಳು ಎಣಿಸಿ ಹಾಕಿ, ಅದರಿಂದ ಇಷ್ಟು ಎಣಿಸಿ ತೆಗೆದು, ಉಳಿದದ್ದನ್ನು ಎಣಿಸುವುದು. ಅಷ್ಟೇ. ಫೈನ್‌ಮನ್ ನಮಗೆ ಕಲಿಸುವುದು ಕಾಳು ಎಣಿಸುವುದನ್ನು.

ಅವರ ಮೊದಲ ಲೆಕ್ಕ ಕಿಟಕಿ ಗಾಜಿನದು. ಒಂದೇ ಬಣ್ಣದ, ಉದಾಹರಣೆಗೆ ಕೆಂಪು, ಬೆಳಕು ಗಾಜಿನ ಮೇಲೆ ನೇರವಾಗಿ ಬೀಳಲಿ. ಗಾಜಿನ ಒಂದು ಮೈಯಿಂದ 100 ಫೋಟಾನ್‌ಗಳಲ್ಲಿ ಸುಮಾರು 4 ವಾಪಸ್ ಬರುತ್ತವೆ. ಗಾಜಿಗೆ ಮುಂದೊಂದು, ಹಿಂದೊಂದು, ಎರಡು ಮೈ ಇದೆ, ಅಂದರೆ ಹತ್ತಿರಹತ್ತಿರ 8 ಬರಬೇಕು ಅಲ್ವಾ? ಇಲ್ಲ. ಗಾಜಿನ ದಪ್ಪ ಒಂಚೂರು ಬದಲಿಸುತ್ತಾ ಹೋದರೆ ಕೆಲವೊಮ್ಮೆ ಒಂದೂ ಬರುವುದಿಲ್ಲ, ಕೆಲವೊಮ್ಮೆ 16 ಬರುತ್ತವೆ. ಮುಂದಿನ ಮೈಗೆ ಬಂದ ಫೋಟಾನಿಗೆ ಹಿಂದಿನ ಮೈ ಎಷ್ಟು ದೂರ ಇದೆ ಎಂದು ಯಾರು ಹೇಳಿದರು? ಬೆಳಕು ಕಣ ಎಂದು ನಂಬಿದ್ದ ನ್ಯೂಟನ್ನರಿಗೆ ಇದು ದೊಡ್ಡ ತಲೆನೋವಾಗಿತ್ತು. 1704ರ ‘ಆಪ್ಟಿಕ್ಸ್’ನಲ್ಲಿ ಅವರು ಬೆಳಕಿಗೆ ಆಗಾಗ ವಾಪಸ್ ಹಾರುವ, ಆಗಾಗ ಒಳಗೆ ನುಗ್ಗುವ ಹುಕಿ ಬರುತ್ತದೆ ಎಂದು ಬರೆದು ಹೇಗೋ ನಿಭಾಯಿಸಿದರು.

ಫೈನ್‌ಮನ್ ಹೇಳುವುದು ಇಷ್ಟು. ಫೋಟಾನ್ ಹೋಗಬಹುದಾದ ಪ್ರತಿ ದಾರಿಗೂ ಕಾಗದದ ಮೇಲೆ ಒಂದು ಬಾಣ ಬರೆಯಿರಿ. ಇಲ್ಲಿ ದಾರಿ ಎರಡು, ಮುಂದಿನ ಮೈಯಿಂದ ಒಂದು, ಹಿಂದಿನ ಮೈಯಿಂದ ಒಂದು. ಬಾಣದ ಉದ್ದ 0.2, ಯಾಕೆಂದರೆ ಅದರ ವರ್ಗ 0.04, ಅಂದರೆ 100ಕ್ಕೆ 4. ದಿಕ್ಕು ಯಾವುದು? ಫೋಟಾನ್ ಹೊರಟಾಗ ಒಂದು ಸ್ಟಾಪ್‌ವಾಚ್ ಚಾಲೂ ಮಾಡಿ, ತಲುಪಿದಾಗ ನಿಲ್ಲಿಸಿ, ಮುಳ್ಳು ತೋರಿಸುವುದೇ ದಿಕ್ಕು. ಈ ಮುಳ್ಳಿನ ಓಟ ವಿಪರೀತ. ಗಾಳಿಯಲ್ಲಿ ಕೆಂಪು ಬೆಳಕು ಒಂದು ಸೆಂಟಿಮೀಟರ್ ಹೋಗುವಷ್ಟರಲ್ಲಿ ಸುಮಾರು 14,000 ಸುತ್ತು. ಮುಂದಿನ ಮೈಯಿಂದ ಹಾರಿದ್ದಾದರೆ ಬಾಣವನ್ನು ಎದುರು ದಿಕ್ಕಿಗೆ ತಿರುಗಿಸಿ. ಈಗ ಒಂದು ಬಾಣದ ತುದಿಗೆ ಇನ್ನೊಂದರ ಬುಡ ಇಟ್ಟು, ಮೊದಲಿನಿಂದ ಕೊನೆಗೆ ಒಂದು ಗೆರೆ ಎಳೆಯಿರಿ. ಅದರ ಉದ್ದದ ವರ್ಗವೇ ಫೋಟಾನ್ ವಾಪಸ್ ಬರುವ ಸಂಭವನೀಯತೆ.

ಮಾಡಿಯೇ ನೋಡಿ. ಎರಡೂ ಒಂದೇ ಕಡೆ ಮುಖ ಮಾಡಿದ್ದರೆ ಉದ್ದ 0.4, ವರ್ಗ 0.16, ಅಂದರೆ 100ಕ್ಕೆ 16. ಎದುರುಬದುರಾದರೆ ಸೊನ್ನೆ. ಲಂಬವಾಗಿದ್ದರೆ ವರ್ಗ 0.08. ನಾವು ಮೊದಲು ಊಹಿಸಿದ 8 ಬರುವುದು ಇಲ್ಲಿ. ಗಾಜಿನ ದಪ್ಪ ಬದಲಾದರೆ ಹಿಂದಿನ ಮೈಗೆ ಹೋಗಿಬರುವ ಹೊತ್ತು ಬದಲಾಗುತ್ತದೆ, ಮುಳ್ಳು ಬೇರೆ ಕಡೆ ನಿಲ್ಲುತ್ತದೆ. ನೀಲಿ ಬೆಳಕಿಗೆ ಮುಳ್ಳು ಇನ್ನೂ ಜೋರಾಗಿ ತಿರುಗುವುದರಿಂದ ಅದರ ಲೆಕ್ಕವೇ ಬೇರೆ. ಮಳೆ ನಿಂತ ಮೇಲೆ ಪೆಟ್ರೋಲ್ ಬಂಕಿನ ಮುಂದಿನ ನೀರಿನಲ್ಲಿ ಬಣ್ಣದ ಪಟ್ಟೆಗಳು ಕಾಣುತ್ತವಲ್ಲ, ಅದೂ ಇದೇ. ಎಣ್ಣೆಪೊರೆ ಒಂದೊಂದು ಕಡೆ ಒಂದೊಂದು ದಪ್ಪ.

ಇದು ಉಪಮೆ ಅಲ್ಲ. ವಿಜ್ಞಾನಿಗಳು ಮಾಡುವ ಲೆಕ್ಕವೇ ಇದು, ನಿಧಾನ ಅಷ್ಟೇ. ಅದಕ್ಕೇ ಇದರ ಮೇಲೆ ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ. ಉದಾಹರಣೆಗೆ, ‘ಕ್ವಾಂಟಮ್‌ನಲ್ಲಿ ನೋಡುವವರ ಮನಸ್ಸೇ ವಾಸ್ತವವನ್ನು ಸೃಷ್ಟಿಸುತ್ತದೆ’ ಎಂದು ಹೇಳಿಕೊಂಡು ಪೆಂಡೆಂಟ್, ಕೈಬಳೆ, ನೀರಿನ ಬಾಟಲಿ ಮಾರುವವರಿದ್ದಾರೆ. ಬಾಣದ ಲೆಕ್ಕದಲ್ಲಿ ಮನಸ್ಸು ಎಲ್ಲಿಯೂ ಬರುವುದಿಲ್ಲ. ಫೋಟಾನ್ ಯಾವ ದಾರಿಯಲ್ಲಿ ಹೋಯಿತೆಂದು ಒಂದು ಉಪಕರಣ ಗುರುತಿಸಿದ್ದರೆ, ಬಾಣಗಳನ್ನು ಕೂಡಿಸುವ ಬದಲು ಅವುಗಳ ವರ್ಗಗಳನ್ನು ಕೂಡಿಸಬೇಕು. ನಿಯಮ ಇಷ್ಟೇ. ಆ ಹೊತ್ತಿಗೆ ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಲೆಕ್ಕ ಬದಲಾಗುವುದಿಲ್ಲ. ‘ವೀಕ್ಷಕ’ ಎಂಬ ಮಾತನ್ನು ಸುಮ್ನೆ ಬಿಟ್ಟು ಮುಂದೆ ಹೋಗುವ ಪುಸ್ತಕಗಳು ಈ ವ್ಯಾಪಾರಕ್ಕೆ ಪುಕ್ಕಟೆ ಜಾಹೀರಾತು ಕೊಟ್ಟಂತೆ.

ಪ್ರಕೃತಿ ಯಾಕೆ ಹೀಗೆ ಬಾಣ ಕೂಡಿಸುತ್ತದೆ ಎಂದರೆ ಫೈನ್‌ಮನ್ ಗೊತ್ತಿಲ್ಲ ಎನ್ನುತ್ತಾರೆ, ಯಾರಿಗೂ ಗೊತ್ತಿಲ್ಲ ಎಂದೂ ಸೇರಿಸುತ್ತಾರೆ. ಹಾಗಂತ ಅವರ ಪುಸ್ತಕ ಪೂರ್ತಿ ಗೆದ್ದಿದೆ ಎಂದಲ್ಲ. ನಾಲ್ಕನೆಯ ಉಪನ್ಯಾಸದಲ್ಲಿ ಕ್ವಾರ್ಕ್, ಗ್ಲುಆನ್ ಎಂದು ಕಣಗಳ ಹೆಸರುಗಳ ಮೆರವಣಿಗೆ ಶುರುವಾಗುತ್ತದೆ, ಓದುಗರು ಕೈಯಾರೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಅಲ್ಲಿ ಅವರೂ ಎಲ್ಲರಂತೆಯೇ. ಮೊದಲ ಮೂರು ಓದಿ. ಪಕ್ಕದಲ್ಲಿ ಪೆನ್ಸಿಲ್, ಸ್ಕೇಲು, ಒಂದಿಷ್ಟು ರಫ್ ಹಾಳೆ ಇರಲಿ.